ಓವರ್‌ಡ್ರೈವ್ ಅತ್ತೆಯ ಕೈಯಲ್ಲಿ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಭಾವಮೈದನ ಫೋನು. ನನ್ನವಳ ತಮ್ಮ ಇವನು. ಮಾತಿಗೆ ಮೊದಲು ಕೆಮ್ಮುವ ಅಭ್ಯಾಸ. ಕೆಮ್ಮು ಉದ್ದವಾದಷ್ಟೂ ವಿಷಯ ದೊಡ್ಡದು. ಇವತ್ತು ಅವನು ಕೆಮ್ಮಿ ಮುಗಿಸುವ ಹೊತ್ತಿಗೆ ನನ್ನ ಕಾಫಿ ಆರಿ ತಣ್ಣಗಾಗಿತ್ತು.

“ಭಾವ, ಈ ತಿಂಗಳ ಕೊನೆಗೆ ಅಮ್ಮನ್ನ ನಮ್ಮನೆಗೇ ಕರ್ಕೊಂಡು ಬಂದ್ಬಿಡ್ತೀನಿ. ಇನ್ನು ನನ್ನ ಕೈಲಿ ಆಗಲ್ಲ.”

ಅವನದೂ ತಪ್ಪಿಲ್ಲ. ನಮ್ಮ ಮನೆಯಲ್ಲೇ ಇರುವ ಅತ್ತೆಯವರ ಕಣ್ಣಿಗೆ ತಿಂಗಳಿಗೊಂದು ಇಂಜೆಕ್ಷನ್ ಆಗಬೇಕು. ಆಸ್ಪತ್ರೆ ಇರುವುದು ಗುಡ್ಡದ ಆಚೆಯ ಪಟ್ಟಣದಲ್ಲಿ, ಇವನ ಮನೆಯ ಪಕ್ಕದ ಬೀದಿಯಲ್ಲೇ. ನನ್ನವಳಿದ್ದಾಗ ಅವಳೇ ಕಾರು ನಡೆಸುತ್ತಿದ್ದಳು. ಅವಳು ತೀರಿಹೋದ ಮೇಲೆ ಇವನು ಗುಡ್ಡ ದಾಟಿ ಬಂದು ಕರೆದೊಯ್ದು, ಮತ್ತೆ ದಾಟಿ ಬಂದು ಬಿಟ್ಟು, ಮತ್ತೆ ದಾಟಿ ಮನೆ ಸೇರಬೇಕು. ಬಸ್ಸಿನಲ್ಲಿ ಹೋದರೆ ಅತ್ತೆಯವರಿಗೆ ಮೊದಲ ತಿರುವಿಗೇ ವಾಂತಿ. ಟ್ಯಾಕ್ಸಿಯವರು ಆಸ್ಪತ್ರೆಯ ಮುಂದೆ ಅರ್ಧ ದಿನ ಕಾಯಲು ಒಪ್ಪುವುದಿಲ್ಲ.

“ಆಗಲಪ್ಪ” ಅಂದೆ. ಇನ್ನೇನು ಅನ್ನಲಿ? ಅವನ ತಾಯಿ. ನನಗಾದರೋ ಹೆಂಡತಿಯ ಕಡೆಯಿಂದ ಬಂದ ಸಂಬಂಧ. ಹೆಂಡತಿಯೇ ಇಲ್ಲದ ಮೇಲೆ ಈ ಸಂಬಂಧ ಇಂಗ್ಲಿಷಿನಲ್ಲಿ ಹೇಳುವಂತೆ ನಲ್ ಅಂಡ್ ವಾಯ್ಡ್. ಅಲ್ಲ, ಅದು ಕರಾರುಪತ್ರಕ್ಕೆ ಹೇಳುವುದು. ಕಾಲೇಜಿನಲ್ಲಿ ಇದಕ್ಕೆ ಬೇರೆ ಪದ ಕಲಿಸಿದ್ದರು, ಆರ್ ಅಕ್ಷರದಿಂದ ಶುರು. ನೆನಪಾದಾಗ ಬರೆಯುತ್ತೇನೆ.

“ನೀವು ಕಾರು ಬಿಡೋ ಹಾಗಿದ್ರೆ ಬೇರೆ ಮಾತು ಬಿಡಿ” ಎಂದು ಅವನು ಕೊನೆಗೆ ನಕ್ಕ. ಆ ನಗುವೊಂದು ಬೇಕಿರಲಿಲ್ಲ.

ನಾನೂ ಅತ್ತೆಯವರೂ ನೇರವಾಗಿ ಮಾತಾಡಿದವರಲ್ಲ. ಇಷ್ಟು ವರ್ಷ ನಡುವೆ ನನ್ನವಳಿದ್ದಳು. ಅವರ ಮಾತನ್ನು ನನಗೆ, ನನ್ನ ಮಾತನ್ನು ಅವರಿಗೆ ದಾಟಿಸುತ್ತಿದ್ದಳು. ದಾಟಿಸುವಾಗ ಅರ್ಧಕ್ಕರ್ಧ ಸೋಸಿಬಿಡುತ್ತಿದ್ದಳು ಅಂತ ಈಗೀಗ ಗೊತ್ತಾಗುತ್ತಿದೆ. ಈಗ ಸೋಸುವವರಿಲ್ಲದೆ ಅತ್ತೆಯವರು ಎಲ್ಲವನ್ನೂ ಫ್ರಿಜ್ಜಿಗೆ ಹೇಳುತ್ತಾರೆ. “ಯಾರೋ ಬಚ್ಚಲಿನ ದೀಪ ಹಾಗೇ ಬಿಟ್ಟು ಬಂದಿದ್ದಾರೆ.” ನಾನೂ ಫ್ರಿಜ್ಜಿಗೇ ಉತ್ತರ ಕೊಡುತ್ತೇನೆ. ಪಾಪ, ಅದು ಗುರುಗುಡುತ್ತಾ ಕೇಳಿಸಿಕೊಳ್ಳುತ್ತದೆ.

ಅವರು ಹೋದರೆ ರೇಡಿಯೋ ಎಷ್ಟು ಜೋರಾಗಿ ಬೇಕಾದರೂ ಹಾಕಿಕೊಳ್ಳಬಹುದು. ಒಳ್ಳೆಯದೇ ಆಯಿತು.

ಮಾರ್ಚ್ 5, ಬುಧವಾರ

ಕಾರಿನ ಹೊದಿಕೆ ತೆಗೆದೆ. ಬ್ಯಾಟರಿ ಸತ್ತುಹೋಗಬಾರದಲ್ಲ, ಅದಕ್ಕೆ. ಬೇರೇನೂ ಉದ್ದೇಶವಿಲ್ಲ.

ಲೈಸೆನ್ಸು ನನ್ನ ಹತ್ತಿರವೂ ಇದೆ. ಕೆಲಸದಲ್ಲಿದ್ದಾಗ ವಾಟರ್‌ವರ್ಕ್ಸಿನ ಜೀಪಿನಲ್ಲಿ ಕಲಿತದ್ದು. ಆದರೆ ಈ ಗಾಡಿ ಆಟೊಮ್ಯಾಟಿಕ್, ಎಡಗಾಲಿಗೆ ಕೆಲಸವೇ ಇಲ್ಲ. ನನ್ನ ಎಡಗಾಲು ಇವತ್ತು ಇಲ್ಲದ ಕ್ಲಚ್ಚನ್ನು ಹುಡುಕಿ ಹುಡುಕಿ ಕೊನೆಗೆ ಬ್ರೇಕನ್ನೇ ತುಳಿಯಿತು. ಗಾಡಿ ಮುಗ್ಗರಿಸಿ ನಿಂತಿತು. ಅಡುಗೆಮನೆ ಕಿಟಕಿಯಿಂದ “ಯಾರಿಗೋ ಬಿಕ್ಕಳಿಕೆ” ಎಂಬ ಮಾತು ಕೇಳಿಸಿತು.

ಈ ಕಾರಿನಲ್ಲಿ ನನಗೂ ಒಂದು ಹುದ್ದೆಯಿತ್ತು. ನನ್ನವಳ ಹೆಬ್ಬೆರಳಿಗೆ ಕೀಲುನೋವು. ಗೇರಿನ ಹಿಡಿಯ ಪಕ್ಕದಲ್ಲಿ ಅಂಗಿಯ ಗುಂಡಿಯಷ್ಟೇ ಒಂದು ಬಟನ್, ಅದನ್ನು ಒತ್ತುವುದು ಅವಳಿಗೆ ಕಷ್ಟ. ಗುಡ್ಡ ಬಂತೆಂದರೆ “ಒತ್ತಿ” ಅನ್ನುತ್ತಿದ್ದಳು; ಪಕ್ಕದ ಸೀಟಿನಿಂದ ಒತ್ತುತ್ತಿದ್ದೆ. ಮಟ್ಟಸ ರಸ್ತೆ ಬಂದಾಗ “ಹ್ಞೂಂ” ಅನ್ನುವಳು, ಮತ್ತೆ ಒತ್ತುತ್ತಿದ್ದೆ. ಅದು ಏನು ಎತ್ತ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಸಂಸಾರದಲ್ಲಿ ಹೀಗೆ ಕೇಳದೇ ನಡೆದುಹೋದ ಕೆಲಸಗಳೇ ಹೆಚ್ಚು. ಓವರ್‌ಡ್ರೈವ್ ಬಟನ್ ಅಂತ ಒಮ್ಮೆ ಯಾರಿಗೋ ಹೇಳುತ್ತಿದ್ದಳು.

ಸ್ಟೇರಿಂಗಿನ ಮೇಲೆ ಅವಳ ಕೈಯಿಟ್ಟ ಜಾಗ ನುಣ್ಣಗೆ ಸವೆದಿದೆ. ಅಲ್ಲಿ ಕೈಯಿಡದೆ ಕೊಂಚ ಮೇಲೆ ಹಿಡಿದೆ. ಭುಜ ನೋವು ಬಂತು.

ಮಾರ್ಚ್ 9, ಭಾನುವಾರ

ಬೀದಿ ಸುತ್ತಿ ಬಂದೆ. ಮೂರು ಸಲ. ಹಾಲಿನ ಅಂಗಡಿಯವಳು ಮೊದಲ ಸುತ್ತಿಗೆ ಕೈ ಬೀಸಿದಳು, ಎರಡನೆಯದಕ್ಕೆ ನಕ್ಕಳು, ಮೂರನೆಯದಕ್ಕೆ “ದಾರಿ ತಪ್ಪಿತಾ ಯಜಮಾನ್ರೇ?” ಅಂದಳು.

ಆ ಬಟನ್ ಒತ್ತಿ ನೋಡಿದೆ. ಮುಂದಿನ ಫಲಕದಲ್ಲಿ ಒಂದು ಹಳದಿ ದೀಪ ಹೊತ್ತಿಕೊಂಡಿತು. ತಕ್ಷಣ ಇನ್ನೊಮ್ಮೆ ಒತ್ತಿ ಆರಿಸಿದೆ. ಜೀವನಪೂರ್ತಿ ಪಂಪ್‌ಹೌಸಿನ ಕಂಟ್ರೋಲ್ ರೂಮಿನಲ್ಲಿ ಕೂತವನು ನಾನು. ಫಲಕದಲ್ಲಿ ದೀಪ ಹೊತ್ತಿತೆಂದರೆ ಎಲ್ಲೋ ಏನೋ ಕೆಟ್ಟಿದೆ. ಅದನ್ನು ಆರಿಸುವ ತನಕ ಕುರ್ಚಿ ಬಿಡುವಂತಿಲ್ಲ. ದೀಪವಿಲ್ಲದ ಫಲಕವೇ ಒಳ್ಳೆಯ ಫಲಕ ಎಂದು ನಮ್ಮ ಇಂಜಿನಿಯರು ಹೇಳಿ ಹೇಳಿ ನಮ್ಮ ರಕ್ತಕ್ಕೇ ಇಳಿಸಿಬಿಟ್ಟಿದ್ದರು.

ನನ್ನವಳು ಗುಡ್ಡದುದ್ದಕ್ಕೂ ಆ ದೀಪ ಉರಿಸಿಕೊಂಡೇ ಹೋಗುತ್ತಿದ್ದಳು. ನಾನು ಕೈ ಹಾಕಲು ಹೋದರೆ “ಅತ್ತ ನೋಡಬೇಡಿ” ಅನ್ನುವಳು. ಎಲ್ಲದರಲ್ಲೂ ಅಚ್ಚುಕಟ್ಟು, ಇದೊಂದರಲ್ಲಿ ಮಾತ್ರ ನೆಗ್ಲಿಜೆನ್ಸು.

ಸಂಜೆ ಭಾವಮೈದನಿಗೆ ನಾನೇ ಫೋನ್ ಮಾಡಿ, ಇಪ್ಪತ್ತೆಂಟರ ಇಂಜೆಕ್ಷನ್ನಿಗೆ ಅಮ್ಮನನ್ನು ನಾನೇ ಕರೆತರುತ್ತೇನೆ ಎಂದೆ. ಮಾತು ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಅವನು ಕೆಮ್ಮಲಿಲ್ಲ.

“ಭಾವ, ನಡುವೆ ಗುಡ್ಡ ಇದೆ.”

“ಗುಡ್ಡ ಇರೋದು ನಂಗೂ ಗೊತ್ತಪ್ಪ.”

“ಸರಿ, ಆಸ್ಪತ್ರೆ ಬಾಗಿಲಲ್ಲಿ ಕಾಯ್ತಿರ್ತೀನಿ. ಅಮ್ಮನ ಸೂಟ್‌ಕೇಸ್ ತನ್ನಿ. ನೀವು ನೆಟ್ಟಗೆ ಬಂದಿಳಿದ್ರೆ ಅಮ್ಮ ನಿಮ್ಮನೇಲೇ ಇರ್ಲಿ, ನಾನು ತುಟಿಪಿಟಕ್ಕನ್ನಲ್ಲ. ಒಂಚೂರು ಎಡವಟ್ಟಾದ್ರೂ ಅಲ್ಲಿಂದಲೇ ನಮ್ಮನೆಗೆ.”

ಒಪ್ಪಿಕೊಂಡೆ. ಕಾರು ಸುಮ್ಮನೆ ನಿಂತು ಹಾಳಾಗಬಾರದಲ್ಲ.

ಮಾರ್ಚ್ 14, ಶುಕ್ರವಾರ

ಒಂದು ತೊಡಕು. ನಾನು ಸ್ಟೇರಿಂಗ್ ಹಿಡಿದರೆ ಬಟನ್ ಒತ್ತುವವರು ಯಾರು? ಒಂದು ಕೈ ಬಿಟ್ಟರೆ ಗಾಡಿ ಪಕ್ಕಕ್ಕೆ ವಾಲುತ್ತದೆ. ನಿನ್ನೆ ಒಂದು ಕಸದ ಡಬ್ಬಿ ಹೋಯಿತು. ಈ ಕಾರಿನ ಪದ್ಧತಿಯೇ ಎರಡಾಳಿನದು. ಫ್ರಿಜ್ಜಿಗೆ ಹೇಳಿದೆ, “ಭಾನುವಾರ ಗುಡ್ಡದ ಅಭ್ಯಾಸ. ಮುಂದಿನ ಸೀಟಿನಲ್ಲಿ ಒಬ್ಬರು ಬೇಕು.”

ಫ್ರಿಜ್ಜಿನ ಆ ಬದಿಯಿಂದ ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ: “ವಿಮೆ ಕಟ್ಟಿದೆಯಾ ಅಂತ ಯಾರಾದರೂ ಕೇಳಿ.”

“ಕಟ್ಟಿದೆ.”

“ಗಾಡೀದಲ್ಲ. ಮನುಷ್ಯರದ್ದು.”

ಮಾರ್ಚ್ 16, ಭಾನುವಾರ

ಈಗಷ್ಟೇ ಮನೆ ಸೇರಿದೆವು, ಅಕ್ಷರ ಸೊಟ್ಟ ಬಂದರೆ ಬರಲಿ.

ಅತ್ತೆಯವರು ಹೊರಟಿದ್ದೇ ಒಂದು ಮೆರವಣಿಗೆ. ಕೈಚೀಲ, ನೀರಿನ ಬಾಟಲಿ, ಶಾಲು, ವಾಂತಿಗೊಂದು ಪ್ಲಾಸ್ಟಿಕ್ ಚೀಲ. ಇಷ್ಟು ವರ್ಷ ಹಿಂದಿನ ಸೀಟಿನಲ್ಲೇ ಕೂತವರು ಮುಂದೆ ಕೂತು, ಬೆಲ್ಟು ಹಾಕಿಕೊಂಡು, ಬಟನ್ ಎಲ್ಲಿದೆ ಎಂದು ಕೈಯಲ್ಲೇ ತಡವಿ ಹುಡುಕಿದರು. ಕಣ್ಣು ಮಂಜಾದರೂ ಬೆರಳು ಚುರುಕು. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟೀಚರಾಗಿದ್ದವರು. ಕೋಣೆ ತುಂಬ ಮಿಷನ್ನುಗಳು ಬಡಿಯುತ್ತಿದ್ದರೂ ಯಾವ ಮೂಲೆಯ ಹುಡುಗಿ ತಪ್ಪು ಕೀ ಒತ್ತಿದಳೆಂದು ಕೂತಲ್ಲೇ ಹೇಳುತ್ತಿದ್ದರಂತೆ. ನನ್ನವಳು ಹೇಳಿದ್ದು.

ಏರುವಾಗಲೇ ಗಾಡಿ ಒಂಥರಾ ಆಡಿತು. ಅತ್ತೆಯವರು ಒತ್ತಿದರು, ದೀಪ ಹೊತ್ತಿತು, ನಾನು ಮನಸ್ಸು ತಡೆಯದೆ ಕೈ ಚಾಚಿ ಆರಿಸಿದೆ. ಆಮೇಲೆ ಇಂಜಿನ್ ಒಮ್ಮೆ ಕೂಗುವುದು, ಒಮ್ಮೆ ಸೊರಗುವುದು, ಮತ್ತೆ ಕೂಗುವುದು. ಯಾವ ಗೇರಿನಲ್ಲಿ ಇರಬೇಕೆಂದೇ ಅದಕ್ಕೆ ತಿಳಿಯದ ಹಾಗೆ. ಅತ್ತೆಯವರು ಕಿಟಕಿಯ ಗಾಜಿಗೆ ಹೇಳಿದರು, “ಅವಳು ನಡೆಸುವಾಗ ಹೀಗೆ ಉಸಿರು ಕಟ್ಟುತ್ತಿರಲಿಲ್ಲ.”

ನಾನು ಆಕ್ಸಿಲರೇಟರನ್ನು ಇನ್ನಷ್ಟು ತುಳಿದೆ.

ನೆತ್ತಿ ದಾಟಿ ಇಳಿಯತೊಡಗಿದೆವು. ಅವರು ಒತ್ತಿದರು. ನಾನು ಆರಿಸಿದೆ. ಗಾಡಿ ಸದ್ದಿಲ್ಲದೆ ಜಾರತೊಡಗಿತು. ಸದ್ದಿಲ್ಲದ್ದು ಒಳ್ಳೆಯದೇ ಅಂದುಕೊಂಡು ಬ್ರೇಕು ತುಳಿದೆ. ತಿರುವಿಗೊಮ್ಮೆ ತುಳಿದೆ. ಆಮೇಲೆ ತುಳಿದೇ ಇದ್ದೆ. ಸುಟ್ಟ ರಬ್ಬರಿನಂಥ ವಾಸನೆ ಬಂತು. ಪೆಡಲು ಮೆತ್ತಗೆ ಒಳಕ್ಕೆ ಹೋಯಿತು. ಗಾಡಿ ಮಾತ್ರ ನಿಲ್ಲಲೊಲ್ಲದು. ಮುಂದೆ ಇನ್ನೊಂದು ತಿರುವು. ಅತ್ತೆಯವರು ಮತ್ತೆ ಒತ್ತಿದರು, ನನ್ನ ಹಾಳು ಕೈ ಮತ್ತೆ ದೀಪ ಆರಿಸಲು ಹೊರಟಿತು.

“ಅಳಿಯಂದಿರೇ! ಕೈ ತೆಗೀರಿ!”

ಟಪ್ಪೆಂದು ನನ್ನ ಕೈ ಮೇಲೆ ಏಟು. ಸ್ಕೇಲಿನಲ್ಲಿ ಹೊಡೆದು ಅಭ್ಯಾಸವಿರುವವರ ಏಟು. ದೀಪ ಉರಿಯುತ್ತಲೇ ಉಳಿಯಿತು. ಇಂಜಿನ್ ಗುರ್ರೆಂದಿತು. ಯಾರೋ ಹಿಂದಿನಿಂದ ಗಾಡಿಯ ಕಾಲರ್ ಹಿಡಿದು ಜಗ್ಗಿದ ಹಾಗೆ ವೇಗ ಇಳಿಯಿತು. ತಿರುವು ದಾಟಿ, ಮಣ್ಣಿನ ದಿಬ್ಬಕ್ಕೆ ಚಕ್ರ ತಾಗಿಸಿ ನಿಲ್ಲಿಸಿದೆ.

ಚಕ್ರದಿಂದ ಹೊಗೆ ಬರುತ್ತಿತ್ತು.

“ಅವಳು ಗುಡ್ಡ ಇಳಿಯುವಾಗ ಈ ಗುರ್ರೆನ್ನೋ ಸದ್ದು ಇರ್ತಿತ್ತು, ಅಳಿಯಂದಿರೇ. ಹಿಂದೆ ಕೂತು ಕೇಳ್ತಿದ್ದೆ. ಈ ಸದ್ದು ನಿಂತ್ರೆ ನಂಗೆ ಎಚ್ಚರ ಆಗೋದು.”

“ಮೊದಲೇ ಹೇಳಬಾರದಾ ಅತ್ತೆ?”

“ಹೇಳ್ದೆನಲ್ಲ. ಕಿಟಕಿಗೆ.”

ನನಗೆ ನಗು ಬಂತು. ಅವರಿಗೂ ಬಂತು. ಹೊಗೆ ಬರುತ್ತಿರುವ ಗಾಡಿಯಲ್ಲಿ ಕೂತು ಹೊಟ್ಟೆ ಹಿಡಿದು ನಗುತ್ತಿರುವ ಇಬ್ಬರು ಮುದುಕರನ್ನು ನೋಡಿ ಹಾಲಿನ ಲಾರಿಯವನೊಬ್ಬ ನಿಲ್ಲಿಸಿ, ಏನಾದರೂ ಬೇಕಾ ಎಂದು ಕೇಳಿದ. ಅತ್ತೆಯವರು ಬೇಡಪ್ಪ ಎಂದು ಹೇಳಿ, ಬಳಸದ ಪ್ಲಾಸ್ಟಿಕ್ ಚೀಲ ಮಡಚಿ ಒಳಗಿಟ್ಟರು. ವಾಂತಿ ಆಗಲಿಲ್ಲ ಎಂಬುದು ಆಗಲೇ ಇಬ್ಬರ ಗಮನಕ್ಕೂ ಬಂದದ್ದು.

ಮಾರ್ಚ್ 17, ಸೋಮವಾರ

ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿ, “ಬ್ರೇಕ್ ಹುರಿದಿಟ್ಟಿದ್ದೀರಲ್ಲ ಸಾರ್” ಅಂದ. ಹೊಸದು ಹಾಕಿದ.

ಅವನು ಬಿಡಿಸಿ ಹೇಳಿದ ಮೇಲೆ ಆ ದೀಪದ ವಿಷಯ ತಲೆಗೆ ಹೋಯಿತು. ಮರೆಯದಂತೆ ಬರೆದಿಡುತ್ತೇನೆ. ಓವರ್‌ಡ್ರೈವ್ ಅಂದರೆ ಗೇರುಗಳಲ್ಲೆಲ್ಲ ಕೊನೆಯದು, ಆರಾಮದ ಗೇರು. ಮಟ್ಟಸ ರಸ್ತೆಯಲ್ಲಿ ಇಂಜಿನ್ ನಿಧಾನ ತಿರುಗುತ್ತದೆ, ಚಕ್ರ ಜೋರಾಗಿ ಓಡುತ್ತದೆ, ಪೆಟ್ರೋಲೂ ಉಳಿಯುತ್ತದೆ. ಏರಿನಲ್ಲಿ ಅದಕ್ಕೆ ಶಕ್ತಿ ಸಾಲದು. ಅದಕ್ಕೇ ಗಾಡಿ ಗೇರು ಹಾಕಿ ತೆಗೆದು ತಡವರಿಸಿದ್ದು. ಇಳಿಜಾರಿನಲ್ಲಿ ಆ ಗೇರಿದ್ದರೆ ಇಂಜಿನ್ ಗಾಡಿಯನ್ನು ಹಿಡಿದು ನಿಲ್ಲಿಸುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ಬಟನ್ ಒತ್ತಿದರೆ ಆ ಗೇರು ಬಂದ್. ಬಂದ್ ಆಗಿದೆ ಅನ್ನುವುದನ್ನು ತಿಳಿಸುವುದಕ್ಕಷ್ಟೇ ದೀಪ. ದೂರಲ್ಲ ಅದು, ವರದಿ.

ನೆಗ್ಲಿಜೆನ್ಸು ಅಂತ ಬರೆದದ್ದನ್ನು ಹೊಡೆದುಹಾಕಬೇಕು. ಹಾಳೆ ಗಲೀಜಾಗುತ್ತದೆ, ಇರಲಿ. ಅವಳಿಗೆ ಮನಸ್ಸಿನಲ್ಲೇ ಸಾರಿ ಹೇಳಿದೆ.

ಮಾರ್ಚ್ 18, ಮಂಗಳವಾರ

ದೀಪ ಉರಿಯುತ್ತಿದ್ದರೂ ನೋಡದೆ ಇರುವ ಅಭ್ಯಾಸ ಮಾಡುತ್ತಿದ್ದೇನೆ. ಬೀದಿಯ ತುದಿಯ ಸಣ್ಣ ಏರಿನಲ್ಲಿ ಹತ್ತಿ ಇಳಿದೆವು, ಹತ್ತಿ ಇಳಿದೆವು. ಕೈ ತುರಿಸುತ್ತದೆ. ಅತ್ತೆ ಕೈ ಎತ್ತಿ ತೋರಿಸುತ್ತಾರೆ, ಸಾಕು, ತುರಿಕೆ ಹೋಗುತ್ತದೆ.

ಮಾರ್ಚ್ 21, ಶುಕ್ರವಾರ

ಇವತ್ತು ಊರಾಚೆಯ ಉದ್ದ ರಸ್ತೆಗೆ ಹೋಗಿದ್ದೆವು. ಆಹಾ!

ಏರು ಮುಗಿದು ರಸ್ತೆ ಮಟ್ಟಸವಾಯಿತು. ನಾನು ಹೇಳುವ ಮೊದಲೇ ಅತ್ತೆ ಒತ್ತಿದರು. ದೀಪ ಆರಿತು. ಇಂಜಿನ್ನಿನ ಸದ್ದು ಮೆಲ್ಲಗೆ ಇಳಿಯಿತು, ಗಲಾಟೆ ಮಾಡುತ್ತಿದ್ದ ಮಗು ಹಾಲು ಕುಡಿದು ನಿದ್ದೆಹೋದ ಹಾಗೆ. ಆದರೆ ವೇಗ ಇಳಿಯಲಿಲ್ಲ! ಎರಡೂ ಬದಿಯ ಮರಗಳು ಸರಸರ ಹಿಂದೆ ಹೋಗುತ್ತಿವೆ, ಕಾರಿನೊಳಗೆ ಮಾತ್ರ ಕೈಗಡಿಯಾರದ ಸದ್ದು ಕೇಳುವಷ್ಟು ಶಾಂತಿ. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದರೂ ಇದು ನನಗೆ ಗೊತ್ತೇ ಆಗಿರಲಿಲ್ಲ. ನಾನು ಯಾವಾಗಲೂ ರಸ್ತೆ ಬದಿಯ ಬೋರ್ಡು ಓದುತ್ತಿದ್ದೆ.

“ಅತ್ತೆ, ನಿಮ್ಮ ಕಿವಿಗೊಂದು ಡಿಗ್ರಿ ಕೊಡಬೇಕು.”

“ಕೊಡಿ. ಆಮೇಲೆ ಕಣ್ಣಿಗೂ ಒಂದು ಕೊಡಿಸಿ, ಅದು ಪ್ರತಿಸಲ ಫೇಲಾಗ್ತಿದೆ.”

ಮೈಲಿಗಲ್ಲು ಕಂಡರೆ ನಾನು ಓದಿ ಹೇಳುವುದು, ಸದ್ದು ಬದಲಾದರೆ ಅವರು ಹೇಳುವುದು. ಹೀಗೆ ಎಷ್ಟು ದೂರ ಹೋಗಿಬಿಟ್ಟೆವೆಂದರೆ ಊಟಕ್ಕೆ ಬರುವಾಗ ಸಂಜೆಯಾಗಿತ್ತು. ಬ್ರೆಡ್ಡು ಸುಟ್ಟುಕೊಂಡು ತಿಂದೆವು. ಅತ್ತೆ ಮೇಜಿನ ಆ ಕಡೆ ಕೂತು, ಕಾಲೇಜಿನಲ್ಲಿ ನಾನು ಓದಿದ ಇಂಗ್ಲಿಷು ಎಲ್ಲಿ ಹೋಯಿತು ಎಂದು ಕೇಳಿದರು. ನೀರಿನಲ್ಲಿ ಹೋಯಿತು, ವಾಟರ್‌ವರ್ಕ್ಸಿನಲ್ಲಿದ್ದೆನಲ್ಲ ಅಂದೆ. ನಕ್ಕರು. ಆರ್ ಅಕ್ಷರದ ಆ ಪದ ಕೇಳಿದೆ. “ರಿಲೇಶನ್ನಾ?” ಅಂದರು. ಅದಲ್ಲ. ಆದರೆ ಅದೂ ಆದೀತು.

ಮಾರ್ಚ್ 25, ಮಂಗಳವಾರ

ಗುಡ್ಡ ಹತ್ತಿ ಇಳಿದೆವು. ಎರಡೂ ಕಡೆ. ಬ್ರೇಕು ತಣ್ಣಗಿತ್ತು, ಮುಟ್ಟಿ ನೋಡಿದೆ.

ಮಾರ್ಚ್ 28, ಶುಕ್ರವಾರ

ಹೇಗೆ ಶುರು ಮಾಡಲಿ! ಮೊದಲಿನಿಂದಲೇ ಬರೆಯುತ್ತೇನೆ.

ಬೆಳಿಗ್ಗೆ ಅತ್ತೆಯ ಸೂಟ್‌ಕೇಸನ್ನು ನಾನೇ ಡಿಕ್ಕಿಗೆ ಹಾಕಿದೆ. ಎತ್ತಿದರೆ ಹತ್ತಿಯಷ್ಟು ಹಗುರ. ಇಷ್ಟು ವಯಸ್ಸಾದ ಮನುಷ್ಯರ ಸಾಮಾನು ಇಷ್ಟೇನಾ ಅನ್ನಿಸಿತು. ಒಂಚೂರು ಎಡವಟ್ಟಾದರೂ ಈ ಪೆಟ್ಟಿಗೆ ವಾಪಸು ಬರುವುದಿಲ್ಲ ಅನ್ನುವುದು ತಲೆಯಲ್ಲಿ ಕೊರೆಯುತ್ತಿತ್ತು. ಅಡುಗೆಮನೆಯಲ್ಲಿ ಅವರ ಲೋಟ ಕವುಚಿಟ್ಟಿದ್ದರು. ಅದನ್ನು ನೋಡಬಾರದಿತ್ತು.

ಏರು ಚೆನ್ನಾಗಿ ಹೋಯಿತು. ನೆತ್ತಿಯಲ್ಲಿ ಚಹಾ ಕುಡಿಯೋಣವೆಂದು ಗಾಡಿ ಆಫ್ ಮಾಡಿ ಇಳಿದೆವು. ಅಲ್ಲೇ ಆದದ್ದು ಎಡವಟ್ಟು. ಮತ್ತೆ ಹೊರಟು ಇಳಿಜಾರಿಗೆ ಬಿದ್ದಾಗ ನಾನು ಧೈರ್ಯವಾಗಿ ಕೂತಿದ್ದೆ, ಚಹಾಕ್ಕೆ ಮೊದಲೇ ಒತ್ತಿಯಾಗಿತ್ತಲ್ಲ ಎಂದು. ನಮ್ಮ ಮುಂದೆ ಮರದ ದಿಮ್ಮಿ ಹೊತ್ತ ಲಾರಿ. ಅದರ ಬಾಲ ಹತ್ತಿರ ಹತ್ತಿರ ಬರುತ್ತಿದೆ.

ಅತ್ತೆ ಮಾತಿನ ನಡುವೆ ಥಟ್ಟನೆ ನಿಲ್ಲಿಸಿದರು. ತಲೆ ಓರೆ ಮಾಡಿದರು.

“ಸದ್ದಿಲ್ಲ.”

“ಒತ್ತಿದೀವಲ್ಲ ಅತ್ತೆ.”

“ಸದ್ದಿಲ್ಲ ಅಂತೀನಿ!”

ಫಲಕ ನೋಡಿದೆ. ದೀಪವಿಲ್ಲ! ಗಾಡಿ ಆಫ್ ಮಾಡಿ ಮತ್ತೆ ಶುರು ಮಾಡಿದರೆ ಓವರ್‌ಡ್ರೈವ್ ತಾನಾಗಿಯೇ ವಾಪಸು ಬರುತ್ತದೆ ಎಂದು ಯಾರು ಕಂಡಿದ್ದರು? ದೀಪವಿಲ್ಲದ ಫಲಕ ನೋಡಿ ಹೆದರಿದ್ದು ಜನ್ಮದಲ್ಲೇ ಮೊದಲು. “ಒತ್ತಿ!” ಎಂದು ಕೂಗಿದೆ. ಕೂಗುವ ಮೊದಲೇ ಅವರು ಒತ್ತಿಯಾಗಿತ್ತು. ಇಂಜಿನ್ ಗುರ್ರೆಂದು ಗಾಡಿಯನ್ನು ಹಿಡಿಯಿತು. ಬ್ರೇಕನ್ನು ಒಂದೇ ಸಲ, ಮೆತ್ತಗೆ ಮುಟ್ಟಿದೆ. ಲಾರಿಯ ಬಾಲ ದೂರ ಸರಿಯಿತು. ಆಮೇಲೆ ಕೆಳಗಿನ ಪಟ್ಟಣದವರೆಗೂ ಆ ಗುರುಗುರು ಸದ್ದು ನಮಗಿಬ್ಬರಿಗೂ ಸಂಗೀತ.

ಆಸ್ಪತ್ರೆ ಬಾಗಿಲಲ್ಲಿ ಭಾವಮೈದ ನಿಂತಿದ್ದ. ನಾನು ಒಂದೇ ಏಟಿಗೆ ಎರಡು ಕಾರುಗಳ ನಡುವೆ ನಿಲ್ಲಿಸಿದೆ. (ಅದು ಆಕಸ್ಮಿಕ. ಅದನ್ನು ಇಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ.) ಅವನು ಚಕ್ರದ ಹತ್ತಿರ ಬಗ್ಗಿ ಮೂಸಿದ! ಸುಟ್ಟ ವಾಸನೆ ಬರುತ್ತದೋ ಎಂದು. ಏನೂ ಇಲ್ಲ.

ಇಂಜೆಕ್ಷನ್ ಆಯಿತು. ಕಣ್ಣಿಗೆ ಪಟ್ಟಿ ಕಟ್ಟಿ ಅತ್ತೆಯನ್ನು ಹೊರಗೆ ಕರೆತಂದರು. ಭಾವಮೈದ ಉದ್ದಕ್ಕೆ ಕೆಮ್ಮಿದ.

“ಭಾವ, ಒಪ್ಪಿದೆ. ಆದ್ರೂ ಅಮ್ಮ, ಪ್ರತಿ ತಿಂಗಳೂ ಗುಡ್ಡ ಹತ್ತಿ ಇಳಿಯೋದು ಯಾಕೆ? ಹೆಂಗೂ ಸಾಮಾನು ತಂದಾಗಿದೆ. ಇಲ್ಲೇ ಇದ್ದುಬಿಡು.”

ಮಾತು ಕೊಟ್ಟಿದ್ದೆಯಲ್ಲ ಅನ್ನಬಹುದಿತ್ತು. ಆದರೆ ಅವರನ್ನು ಇಟ್ಟುಕೊಳ್ಳಲು ಪಂದ್ಯ ಗೆದ್ದವನ ಹಾಗೆ ನಿಲ್ಲುವುದು ಸರಿ ಕಾಣಲಿಲ್ಲ. “ಅತ್ತೆ ಹೇಳಿದ ಹಾಗೆ” ಅಂದೆ.

ಅವನು ಡಿಕ್ಕಿಯಿಂದ ಸೂಟ್‌ಕೇಸು ಎತ್ತಿದ. ಅಲ್ಲಾಡಿಸಿ ನೋಡಿದ. ಬೀಗ ತೆಗೆದ. ಒಳಗೆ ಒಂದು ಕರ್ಚೀಫೂ ಇರಲಿಲ್ಲ.

“ಅಮ್ಮಾ, ಖಾಲಿ!”

“ಮತ್ತೆ? ವಾಪಸು ಹೋಗೋಳು ಬಟ್ಟೆ ಯಾಕೆ ಹೊರಲಿ?”

“ತರ್ಬೇಕು ಅಂದಿದ್ನಲ್ಲ?”

“ಸೂಟ್‌ಕೇಸ್ ತರ್ಬೇಕು ಅಂತ ನೀನಂದೆ. ತಂದಿದೀನಿ.” ಒಂದು ಕೈ ಗಾಳಿಯಲ್ಲಿ ಚಾಚಿ ಕಾರಿನ ಬಾಗಿಲು ಹುಡುಕಿದರು. “ಏನ್ರೀ ಅಳಿಯಂದಿರೇ, ಹೊತ್ತಾಯ್ತು. ಏರು ಇದೆ ಮುಂದೆ.”

ಭಾವಮೈದ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಲಿಲ್ಲ, ಕನ್ನಡಕ ಒರೆಸುತ್ತಿದ್ದೆ. ಕನ್ನಡಕದಲ್ಲಿ ಏನೂ ಇರಲಿಲ್ಲ.

ವಾಪಸು ಬರುವಾಗ ಪಟ್ಟಿ ಕಟ್ಟಿದ ಕಣ್ಣಿನಲ್ಲೇ, ಒಂದು ಸಲವೂ ತಪ್ಪದೆ, ಏರಿಗೆ ಒತ್ತಿ ಮಟ್ಟಸಕ್ಕೆ ಮತ್ತೆ ಒತ್ತಿದರು. ಊರಾಚೆಯ ಉದ್ದ ರಸ್ತೆಯಲ್ಲಿ ದೀಪ ಆರಿ ಗಾಡಿ ತೇಲತೊಡಗಿದಾಗ ನಾನು ಹಾಡಿದೆ. ಚೆನ್ನಾಗಿಲ್ಲ ಅಂದರು. ಮುಂದುವರಿಸಿ ಅಂತಲೂ ಅಂದರು. ಕೈ ಎಲ್ಲಿಟ್ಟಿದ್ದೆನೋ ಸ್ಟೇರಿಂಗಿನ ಮೇಲೆ, ಭುಜ ನೋಯಲೇ ಇಲ್ಲ.

ಮಾರ್ಚ್ 30, ಭಾನುವಾರ

ಇವತ್ತು ಆಸ್ಪತ್ರೆಯಿಲ್ಲ, ಕೆಲಸವೂ ಇಲ್ಲ. ಸುಮ್ಮನೆ ಹೊರಟಿದ್ದೇವೆ. ಎಲ್ಲಿಗೆ ಎಂದು ಜಗಳ ಇನ್ನೂ ಮುಗಿದಿಲ್ಲ. ನಾನು ಕೆರೆ ಅಂದೆ, ಅತ್ತೆ ಉದ್ದ ರಸ್ತೆ ಇರುವ ಕಡೆ ಅಂದರು, ಆ ಸದ್ದು ಇಳಿಯುವುದನ್ನು ಕೇಳಬೇಕಂತೆ. ಹಾಲಿನ ಅಂಗಡಿಯವಳೂ ತನ್ನನ್ನು ಸಂತೆಯ ತನಕ ಬಿಡಬೇಕೆಂದು ಹಿಂದಿನ ಸೀಟು ಹಿಡಿದಿದ್ದಾಳೆ. ಇಷ್ಟು ಜನರನ್ನು ಕೂರಿಸಿಕೊಂಡರೆ ಗಾಡಿಯ ಟೈರಿಗೆ ಗಾಳಿ ಎಷ್ಟಿರಬೇಕು ಎಂದು ಮೆಕ್ಯಾನಿಕ್ಕನ್ನು ಕೇಳಬೇಕಿತ್ತು, ಮರೆತೆ. ಬರೆಯಬೇಕಾದದ್ದು ಇನ್ನೂ ಎಷ್ಟೋ ಇ

ಕೆಳಗೆ ಅತ್ತೆ ಹಾರ್ನ್ ಹೊಡೆಯುತ್ತಿದ್ದಾರೆ. ಕೈ ತೆಗೆಯುತ್ತಲೇ ಇಲ್ಲ. ಬೀದಿಯ ಕಿಟಕಿಗಳೆಲ್ಲ ತೆರೆದಿವೆ. ಬಂದೆ, ಬಂದೆ.